ಒಳಂಗಿಯ ನೀಲಿ ಪಟ್ಟಿ

ಆ ಮನೆಯ ಜಗಳಕ್ಕೆಲ್ಲ ಮೂಲ ಒಂದು ಫೋಟೊ. ಸೊಸೆ ಅದನ್ನು ತೋರಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಅವತ್ತು ಊಟದ ಮೇಜಿನ ಮೇಲೆ ಅವಳ ಫೋನು ಕೈಯಿಂದ ಕೈಗೆ ಓಡಾಡುವಾಗ ಬೇಡ ಅಂದವರು ಒಬ್ಬರೂ ಇರಲಿಲ್ಲ.

"ನೋಡಿ ಅತ್ತೆ, ಇಲ್ಲಿ ಹಸಿರಾಗಿ ಕಾಣ್ತಿರೋದೆಲ್ಲ ಜೀವಂತ ಕ್ಯಾನ್ಸರ್ ಕೋಶ. ಈ ಪಕ್ಕದ ಚಿತ್ರದಲ್ಲಿ ಕೆಂಪಗಿರೋದೆಲ್ಲ ಸತ್ತಿರೋದು. ನಾವು ಹಾಕಿದ್ದು ನಿಮ್ಮ ಸೀಬೆ ಎಲೆ ಪುಡಿ."

"ನಮ್ಮ ಹಿತ್ತಲ ಮರದ್ದಾ?"

"ನಿಮ್ಮ ಮರದ್ದೇ."

ಅತ್ತೆ ಕನ್ನಡಕ ಏರಿಸಿಕೊಂಡು ಇನ್ನೊಂದು ಸಲ ನೋಡಿದರು. ಬೀದಿಗೆಲ್ಲ ಅವರು ಟೈಲರಮ್ಮ. ಮುಂದಿನ ಕೋಣೆಯ ಕಿಟಕಿಗೆ ಹೊಲಿಗೆ ಮೆಷಿನ್ ಹಾಕಿಕೊಂಡು ಶಾಲೆಯ ಯೂನಿಫಾರಂ, ದಿಂಬಿನ ಚೀಲ, ಪರದೆ ಏನು ಬಂದರೂ ಹೊಲಿಯುತ್ತಿದ್ದರು. ಮಾವನಿಗೆ ಬೇಕರಿಯಲ್ಲಿ ಓವನ್ನಿನ ಕೆಲಸ. ಮಗ ಬಟ್ಟೆಗೆ ಬಣ್ಣ, ಲೇಪ ಹಾಕುವ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಸೊಸೆ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪಿಎಚ್‌ಡಿ ಇನ್ನೂ ಮುಗಿದಿರಲಿಲ್ಲ, ಆದರೂ ಮಾವ ಮದುವೆಯಾದ ವಾರದಲ್ಲೇ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯಲು ಶುರು ಮಾಡಿ, ಬೀದಿಯವರೂ ಅದನ್ನೇ ಹಿಡಿದುಕೊಂಡಿದ್ದರು.

ಡಾಕ್ಟ್ರಮ್ಮನ ಕೆಲಸ ಕೇಳಲು ಸುಲಭ. ಎಲೆ ತೊಳೆದು, ಕುದಿಸಿ, ಸೋಸಿ, ಆ ಕಷಾಯಕ್ಕೆ ಸತುವಿನ ಉಪ್ಪು ಬೆರೆಸಿ, ಬಂದದ್ದನ್ನು ಫರ್ನೇಸಿನಲ್ಲಿ ಸುಟ್ಟರೆ ಮೈದಾಹಿಟ್ಟಿನಂಥ ಬಿಳಿ ಪುಡಿ ಉಳಿಯುತ್ತದೆ. ಅದು ಜಿಂಕ್ ಆಕ್ಸೈಡ್. ಒಂದೊಂದು ಕಣವೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದು. ಅದರಲ್ಲಿ ಒಂದು ಪಾಲು ಲ್ಯಾಬಿನ ತಟ್ಟೆಗಳಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ. ಇನ್ನೊಂದು ಪಾಲು ಅವಳ ಗಂಡನ ಕಾರ್ಖಾನೆಗೆ, ಬಟ್ಟೆಗೆ ಲೇಪ ಮಾಡಲು. ಗೈಡ್ ಮೇಷ್ಟರದು ಒಂದೇ ಹಟ: ಎಲ್ಲ ಎಲೆಯೂ ಒಂದೇ ಮರದ್ದಾಗಬೇಕು, ಬಿಸಿಲೇರುವ ಮುಂಚೆ ಕಿತ್ತದ್ದಾಗಬೇಕು. ಮರ ಬದಲಾದರೆ ಪುಡಿಯೂ ಬದಲಾಗುತ್ತದಂತೆ. ಹಾಗಾಗಿ ಎಲೆ ಕೀಳುವ ಕೆಲಸ ಅತ್ತೆಯದಾಗಿತ್ತು. ಎಳೆಯದು ಬೇಡ, ಹುಳ ತಿಂದದ್ದು ಬೇಡ ಎಂದು ಒಂದೊಂದೇ ಎಲೆ ನೋಡಿ ಕಿತ್ತು, ಚೀಲ ತುಂಬಿ ಸೊಸೆಯ ಕೈಗೆ ಕೊಡುತ್ತಿದ್ದರು.

"ಹಾಗಾದ್ರೆ ಅರ್ಧ ಡಾಕ್ಟ್ರಮ್ಮ ನಾನೇ," ಎಂದರು ಅವತ್ತು ಫೋನು ವಾಪಸು ಕೊಡುತ್ತ.

ಚಳಿ ಮುಗಿಯುವ ಹೊತ್ತಿಗೆ ಅತ್ತೆಗೆ ಎದೆಯಲ್ಲಿ ಗಡ್ಡೆ ಸಿಕ್ಕಿತು. ಮೇಲಿನ ಚರ್ಮ ಕೆಂಪಾಗಿ ಬಿಸಿಯಾಗಿತ್ತು. ಆಸ್ಪತ್ರೆಯ ಡಾಕ್ಟರು ಸುತ್ತು ಬಳಸದೆ ಹೇಳಿದರು: ಮೊದಲು ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು ಗಡ್ಡೆ ಕುಗ್ಗಿಸಬೇಕು, ಆಮೇಲೆ ಆಪರೇಷನ್. ಕ್ಯಾನ್ಸರ್ ಜೋರಾಗಿ ಬೆಳೆಯುವ ಜಾತಿಯದು, ಆದರೂ ಉಳಿಸಿಕೊಳ್ಳಬಹುದು. ಒಂದು ಸರದಿಯೂ ತಪ್ಪಬಾರದು.

ಮೊದಲ ಡ್ರಿಪ್ಪಿಗೇ ಅತ್ತೆ ಹಾಸಿಗೆ ಹಿಡಿದರು. ಬಾಯೊಳಗೆಲ್ಲ ಹುಣ್ಣು. ಗಂಜಿ ಕುಡಿದರೆ ಗಂಜಿ ಹೊರಗೆ, ನೀರು ಕುಡಿದರೆ ನೀರು ಹೊರಗೆ. ಎರಡನೆಯದಕ್ಕೆ ಕೂದಲು ಹೋಯಿತು, ಬೆರಳ ತುದಿ ಜೋಮು ಹಿಡಿದು ಕತ್ತರಿ ನಿಲ್ಲದಾಯಿತು. ಸೂಜಿಗೆ ದಾರ ಪೋಣಿಸಲು ಕೂತವರು ಪೋಣಿಸಲಾಗದೆ ದಾರವನ್ನು ಎಸೆದು ಅತ್ತರು. ಹೊಲಿಯದೆ ಉಳಿದ ಯೂನಿಫಾರಂ ಬಟ್ಟೆಗಳನ್ನು ಗಿರಾಕಿಗಳು ಬಂದು ವಾಪಸು ಒಯ್ದರು.

ಆಗ ಪುಡಿಯ ಮಾತು ಬಂತು.

"ಒಂದು ಚಮಚ ತಂದುಕೊಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಕೇಳಿದರು ಅತ್ತೆ. ಸೊಸೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು.

"ಅತ್ತೆ, ಅದು ತಟ್ಟೆಯಲ್ಲಿ ಕೊಲ್ಲುತ್ತೆ. ತಟ್ಟೆಗೆ ಬ್ಲೀಚ್ ಸುರಿದ್ರೂ ಎಲ್ಲ ಸಾಯುತ್ತೆ. ಮೈಯೊಳಗೆ ಹೋದ್ರೆ ಯಾವುದು ಗಡ್ಡೆ, ಯಾವುದು ಲಿವರ್ ಅಂತ ಅದಕ್ಕೆ ಗೊತ್ತಾಗಲ್ಲ. ಇಲಿಗೂ ಇನ್ನೂ ಕೊಟ್ಟು ನೋಡಿಲ್ಲ ನಾವು."

"ಇಲಿಗೆ ಮುಂಚೆ ನನಗೆ ಕೊಡು. ಈ ಮನೇಲಿ ನಾನು ಇಲಿಗಿಂತ ಕಡೆಯಾದ್ನಾ?"

ಮಾವ ನಕ್ಕರು. ನಕ್ಕು, ತಕ್ಷಣ ಮುಖ ಸಣ್ಣದು ಮಾಡಿಕೊಂಡು, "ಸ್ವಲ್ಪ, ಕಾಳಿನಷ್ಟು ಕೊಟ್ಟು ನೋಡಿದ್ರೆ ಆಗಲ್ವೇನಮ್ಮ?" ಎಂದರು.

"ಆಗಲ್ಲ ಮಾವ."

"ಮೈಗೆ ಹಚ್ಚಿದ್ರೆ?"

"ಗಡ್ಡೆ ಇರೋದು ಒಳಗೆ ಮಾವ."

ಮಗ ಅಲ್ಲಿಯವರೆಗೆ ಆಲೂಗಡ್ಡೆ ಹೆಚ್ಚುತ್ತಿದ್ದ. ಚಾಕು ಕೆಳಗಿಟ್ಟು, "ನಿನ್ನ ಅಮ್ಮನಿಗೆ ಹೀಗಾಗಿದ್ರೆ ತಂದಿರ್ತಿದ್ದೆ," ಎಂದ.

ಸೊಸೆ ಎದ್ದಳು. ಹಾಲಿನ ಬಟ್ಟಲನ್ನು ಅವನ ಕೈಗೆ ಕೊಟ್ಟು, ಬಚ್ಚಲಿಗೆ ಹೋಗಿ ಅತ್ತೆಯ ಹಾಸಿಗೆ ಬಟ್ಟೆ ಒಗೆಯಲು ಕೂತಳು. ಆ ವಾರವೆಲ್ಲ ಗಂಡ ಹೆಂಡಿರ ನಡುವೆ ಉಪ್ಪು ಎಲ್ಲಿದೆ, ಬೀಗ ಎಲ್ಲಿದೆ ಎನ್ನುವಷ್ಟೇ ಮಾತು ನಡೆಯಿತು.

ತಪ್ಪು ಮಾತಾಡಿದ್ದು ಮಗನಿಗೂ ಗೊತ್ತಿತ್ತು. ಅಮ್ಮನಿಗೆ ಏನಾದರೂ ಮಾಡಬೇಕು, ಏನು ಎಂದು ತಿಳಿಯದು. ಒಂದು ಸಂಜೆ ಕಾರ್ಖಾನೆಯಿಂದ ಬರುವಾಗ ರೋಲಿನ ಕೊನೆಯಲ್ಲಿ ಉಳಿದ ತುಂಡು ಬಟ್ಟೆ ತಂದ. ಆಸ್ಪತ್ರೆಯ ರೋಗಿಗಳಿಗೆಂದು ಮಾಡುತ್ತಿದ್ದ ಬಟ್ಟೆ. ಪುಡಿಯ ಲೇಪದಿಂದ ಬೆವರು ನಾರದು, ಕ್ರಿಮಿ ಹಿಡಿಯದು. ಅದರ ಮೇಲೆ ಮೂರು ಬೆರಳಗಲದ ನೀಲಿ ಪಟ್ಟಿಗಳು. ಮೈ ಜ್ವರದಿಂದ ಸುಟ್ಟರೆ ಪಟ್ಟಿ ಬೆಳ್ಳಗಾಗುತ್ತದೆ, ತಣ್ಣಗಾದರೆ ಮತ್ತೆ ನೀಲಿ. ನರ್ಸು ಬಾಗಿಲಲ್ಲಿ ನಿಂತೇ ಯಾರಿಗೆ ಜ್ವರ ಎಂದು ಹೇಳಿಬಿಡಬಹುದು.

ಅತ್ತೆ ಬಟ್ಟೆಯನ್ನು ಬೆರಳಲ್ಲಿ ಹೊಸಕಿದರು, ಬೆಳಕಿಗೆ ಹಿಡಿದರು. "ಇದಕ್ಕೆ ನಮ್ಮ ಪುಡಿ ಹಾಕಿದೆಯಾ?"

"ಇಡೀ ಬಟ್ಟೆಗೆ ಹಾಕಿದೆ ಅಮ್ಮ."

ಅವರು ಬಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. "ಇದರಲ್ಲಿ ಒಂದು ಒಳಂಗಿ ಹೊಲಿದು ಹಾಕ್ಕೊಳ್ಳಲಾ? ಅದಕ್ಕಾದ್ರೂ ಅಡ್ಡಿ ಇಲ್ಲ ತಾನೆ?"

ಸೊಸೆಯ ಕೈ ಪಾತ್ರೆಯ ನೊರೆಯಲ್ಲಿತ್ತು. ಅತ್ತೆ ಯಾಕೆ ಕೇಳುತ್ತಿದ್ದಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಟ್ಟೆಯಿಂದ ಗಡ್ಡೆಗೆ ಏನೂ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಬೇಡ, ಬೇಡ ಎಂದು ಹೇಳಿ ಹೇಳಿ ಅವಳ ಬಾಯಿ ಸೋತುಹೋಗಿತ್ತು. ಮನೆಯಲ್ಲಿ ಒಂದು ದಿನವಾದರೂ ಒಳ್ಳೆಯವಳಾಗಬೇಕು ಅನ್ನಿಸಿತ್ತು.

"ಹಾಕ್ಕೊಳ್ಳಿ ಅತ್ತೆ," ಎಂದಳು.

ಒಂದು ಪಟ್ಟಿ ಸರಿಯಾಗಿ ಗಡ್ಡೆಯ ಮೇಲೆ ಹಾದುಹೋಗುವಂತೆ ಅತ್ತೆ ಕತ್ತರಿಸಿದರು. ಜೋಮು ಹಿಡಿದ ಬೆರಳಲ್ಲಿ ಎರಡು ದಿನ ಒದ್ದಾಡಿ ಹೊಲಿದರು. ಹಾಕಿಕೊಂಡು ಮಾವನನ್ನು ಕೋಣೆಯೊಳಗೆ ಕರೆದರು.

"ನೋಡ್ರೀ, ನೋಡ್ರೀ ಇಲ್ಲಿ."

ಗಡ್ಡೆ ಇದ್ದ ಕಡೆ ಮಾತ್ರ ಪಟ್ಟಿ ಮೊಟ್ಟೆಯಗಲ ಬೆಳ್ಳಗಾಗಿತ್ತು. ಅಕ್ಕಪಕ್ಕವೆಲ್ಲ ನೀಲಿ.

"ಗಡ್ಡೆ ಎಲ್ಲಿದೆ ಅಂತ ಹಿಡಿದುಬಿಡ್ತು," ಎಂದರು ಅತ್ತೆ. ಮಾವ ಬೆರಳಿಟ್ಟು ಮುಟ್ಟಿ ನೋಡಿ, ಬಾಯಿ ತೆರೆದುಕೊಂಡು ನಿಂತರು.

ಅಂದಿನಿಂದ ಆ ಒಳಂಗಿ ಅವರ ಮೈಬಿಟ್ಟು ಹೋದದ್ದು ಒಗೆಯುವ ಹೊತ್ತಿಗೆ ಮಾತ್ರ. ಒಂದೇ ಒಂದು ಇದ್ದುದರಿಂದ ದಿನವೂ ಬೆಳಿಗ್ಗೆ ಸೋಪು ಹಚ್ಚಿ, ಬ್ರಷ್ ಹಾಕಿ ಉಜ್ಜಿ, ಕಲ್ಲಿಗೆ ಕುಕ್ಕಿ, ಸೀಬೆ ಮರದ ಕೊಂಬೆಗೆ ಹರವುತ್ತಿದ್ದರು. ಗಲೀಜು ಬಟ್ಟೆ ಅಂದರೆ ಅವರಿಗೆ ಮೊದಲಿಂದಲೂ ಮೈ ಉರಿ. ದಿನ ಕಳೆದಂತೆ ಬಿಳಿ ಮೊಟ್ಟೆ ಸಣ್ಣದಾಯಿತು. ನಿಂಬೆಹಣ್ಣಿನಷ್ಟಾಯಿತು, ಗುಂಡಿಯಷ್ಟಾಯಿತು. ಗಡ್ಡೆಯೂ ಮೆತ್ತಗಾಗಿತ್ತು, ಅದು ಸುಳ್ಳಲ್ಲ. ಎರಡು ಸಲ ವಾಂತಿ ಮಾಡಿಸಿ, ಕೂದಲು ಕಿತ್ತುಕೊಂಡ ಆಸ್ಪತ್ರೆಯ ಬಾಟಲಿ ತನ್ನ ಕೆಲಸ ಮಾಡಿತ್ತು. ಆದರೆ ಕಷ್ಟ ಕೊಟ್ಟವರಿಗೆ ಯಾರು ಹೆಸರು ಕೊಡುತ್ತಾರೆ? ಹೆಸರೆಲ್ಲ ಒಳಂಗಿಗೆ ಹೋಯಿತು.

ಮುಂದಿನ ಡ್ರಿಪ್ಪಿನ ದಿನ ಅತ್ತೆ ಮಾವ ಬಸ್‌ಸ್ಟಾಪಿನವರೆಗೆ ಹೋದರು. ಬಸ್ಸು ಬಂತು. ಅತ್ತೆ ಹತ್ತಲಿಲ್ಲ.

"ಬೇಡ ಕಣ್ರೀ. ಇನ್ನು ನನ್ನ ಕೈಲಾಗಲ್ಲ. ಪಟ್ಟಿ ಪೂರ್ತಿ ನೀಲಿಯಾಗಿದೆ, ನೀವೇ ನೋಡಿದ್ರಲ್ಲ."

"ಡಾಕ್ಟ್ರಮ್ಮನಿಗೆ ಏನು ಹೇಳೋದೇ?"

"ಅವಳೇ ಅಲ್ವಾ ಹಾಕ್ಕೊಳ್ಳಿ ಅಂದಿದ್ದು? ಅವಳು ಬಾಯಿಬಿಟ್ಟು ಹೇಳೋ ಹಾಗಿಲ್ಲ, ಲ್ಯಾಬಿನಲ್ಲಿ ಏನೇನೋ ರೂಲ್ಸು. ಪುಡಿ ಕೊಟ್ರೆ ಕೆಲಸ ಹೋಗುತ್ತೆ. ಅದಕ್ಕೇ ಬಟ್ಟೆಯಲ್ಲಿ ಕೊಟ್ಟಿದ್ದಾಳೆ. ನಾವೂ ಸುಮ್ನಿದ್ದು ಅವಳ ಮಾನ ಉಳಿಸಬೇಕು."

ಮಾವ ಮೆತ್ತನೆಯ ಮನುಷ್ಯ. ಹೆಂಡತಿ ರಾತ್ರಿಯೆಲ್ಲ ಬಕೆಟ್ಟಿಗೆ ಬಗ್ಗಿ ಕೂರುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ಅವರಿಗೂ ಇರಲಿಲ್ಲ. ಬೇಕರಿಯ ಹಿಂದಿನ ಗೋಡೌನಿಗೆ ಕರೆದೊಯ್ದು ಹಿಟ್ಟಿನ ಮೂಟೆಗಳ ಮೇಲೆ ಚಾದರ ಹಾಸಿ ಕೂರಿಸಿದರು. ಬಿಸಿ ಬನ್ನು ತಂದುಕೊಟ್ಟರು. ಎಷ್ಟೋ ವಾರಗಳ ಮೇಲೆ ಹೆಂಡತಿ ಪೂರ್ತಿ ಒಂದು ಬನ್ನು ತಿಂದದ್ದನ್ನು ನೋಡಿ ಅವರಿಗೆ ಕಣ್ಣು ತುಂಬಿತು. ಸಂಜೆ ಮನೆಗೆ ಹೊರಡುವ ಮುಂಚೆ ಡ್ರಿಪ್ ಹಾಕಿಸಿಕೊಂಡು ಬಂದ ಹಾಗೆ ಕಾಣಲೆಂದು ಹೆಂಡತಿಯ ಮುಂಗೈಗೆ ತಾವೇ ಹತ್ತಿಯಿಟ್ಟು ಟೇಪು ಅಂಟಿಸಿದರು.

ಮುಂದಿನ ಸರದಿಗೂ ಹಾಗೆಯೇ, ಅದರ ಮುಂದಿನದಕ್ಕೂ. ಅತ್ತೆ ಮನೆಗೆ ಬಂದು ಹಾಸಿಗೆಯ ಪಕ್ಕ ಬಕೆಟ್ ಇಟ್ಟುಕೊಂಡು ಮಲಗುತ್ತಿದ್ದರು. ಆಸ್ಪತ್ರೆಯಿಂದ ಫೋನ್ ಬಂದರೆ ಮಾವ ಊರಲ್ಲಿಲ್ಲ ಎಂದರು, ಆಮೇಲೆ ಎತ್ತುವುದನ್ನೇ ಬಿಟ್ಟರು.

ಮನೆಗೆ ಜೀವ ಬಂದಂತಾಯಿತು. ಅತ್ತೆ ಗಟ್ಟಿ ಊಟ ಮಾಡತೊಡಗಿದರು. ಮೆಷಿನ್ನಿನ ಸದ್ದು ಮತ್ತೆ ಕೇಳಿಸಿತು. ಮಗ ಹೆಂಡತಿಗೆ, "ನೋಡಿದ್ಯಾ? ನೀನು ಹೇಳಿದ್ದೇ ಸರಿ, ಆಸ್ಪತ್ರೆ ಔಷಧಿ ಹಿಡೀತು," ಎಂದು ಹೇಳಿ, ಅವತ್ತಿನ ಮಾತಿಗೆ ಕ್ಷಮೆ ಕೇಳಿದ. ಸೊಸೆಗೆ ಕೆಲವು ದಿನ ನಿಜವಾಗಿಯೂ ಸುಖವಿತ್ತು.

ಲ್ಯಾಬಿನಲ್ಲಿ ಮಾತ್ರ ಕೆಟ್ಟ ಸುದ್ದಿ. ಅದೇ ಪುಡಿಯನ್ನು ಆರೋಗ್ಯವಂತ ಕೋಶಗಳ ತಟ್ಟೆಗೆ ಹಾಕಿದಾಗ ಅವೂ ಸತ್ತಿದ್ದವು. ಊಟಕ್ಕೆ ಕೂತಾಗ ಅವಳು ಅದನ್ನೇ ಹೇಳಿದಳು. "ಒಳ್ಳೇ ಕೋಶಾನೂ ಬಿಡ್ತಿಲ್ಲ ಅತ್ತೆ. ಮೊದಲಿಂದ ಶುರು ಮಾಡಬೇಕು. ಔಷಧಿ ಆಗೋಕೆ ಇನ್ನೂ ಎಷ್ಟು ವರ್ಷ ಬೇಕೋ. ಆಗುತ್ತೋ ಇಲ್ಲವೋ."

ಅತ್ತೆ ಮಾವನ ಮುಖ ನೋಡಿ ಮುಸಿಮುಸಿ ನಕ್ಕರು. "ಸರಿ ಸರಿ. ನೀನು ಹಾಗೇ ಹೇಳ್ತಿರು," ಎಂದು ಸೊಸೆಯ ತಟ್ಟೆಗೆ ತಮ್ಮ ಪಾಲಿನ ಮೊಟ್ಟೆಯನ್ನೂ ಹಾಕಿದರು.

ಒಂದು ರಜೆಯ ಬೆಳಿಗ್ಗೆ ಇಬ್ಬರೂ ಎಲೆ ಕೀಳುತ್ತಿದ್ದರು. ಅತ್ತೆ ಕೊಂಬೆ ಬಗ್ಗಿಸುವಾಗ ತಲೆಗೆ ಕಟ್ಟಿದ್ದ ಬಟ್ಟೆ ಸಿಕ್ಕಿಕೊಂಡು ಜಾರಿತು. ಚೀಲ ಹಿಡಿದು ನಿಂತಿದ್ದ ಸೊಸೆ ತಲೆಯನ್ನೇ ನೋಡಿದಳು. ದಟ್ಟವಾಗಿ, ಬೆರಳಿಗೆ ಸಿಗುವಷ್ಟು ಕೂದಲು ಬಂದಿತ್ತು.

"ಅತ್ತೆ, ಕೂದಲು."

"ಬಂತು ನೋಡು. ಒಳ್ಳೇದೇ ಅಲ್ವಾ?"

"ನಿಮ್ಮ ಡ್ರಿಪ್ ನಡೀತಾ ಇದ್ರೆ ಇಷ್ಟು ಬರಲ್ಲ ಅತ್ತೆ." ಅವಳು ಹತ್ತಿರ ಬಂದಳು. "ನೀವು ಆಸ್ಪತ್ರೆಗೆ ಹೋಗ್ತಿದ್ದೀರಿ ತಾನೆ?"

ಅತ್ತೆ ತಲೆಗೆ ಬಟ್ಟೆ ಸುತ್ತಿಕೊಂಡು, ಎಲೆ ಕೀಳುವುದನ್ನು ಮುಂದುವರಿಸಿದರು. ಸೊಸೆ ಚೀಲ ಬಿಸಾಡಿ ಒಳಗೆ ಓಡಿದಳು. ಮಾವ ಟೀ ಸೋಸುತ್ತಿದ್ದರು. ಅವಳು ಏನೂ ಕೇಳಬೇಕಾಗಲಿಲ್ಲ. ಮುಖ ನೋಡಿದ್ದೇ ಅವರು ಪಾತ್ರೆ ಕೆಳಗಿಟ್ಟರು.

"ಮೂರು ಸಲ ಹೋಗಿಲ್ಲಮ್ಮ. ಬೇಕರೀಲಿ ಕೂತಿದ್ವಿ."

ಗಲಾಟೆಗೆ ಮಗ ಹಾಸಿಗೆಯಿಂದ ಎದ್ದು ಬಂದ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಯಾಕೆ ಬಾಯಿ ಬಡ್ಕೋತೀರ? ವಾಸಿಯಾಗಿದೆ ನನಗೆ. ಇವಳೇ ಮಾಡಿದ್ದು, ಇವಳೇ ಅಳ್ತಾಳಲ್ಲ!" ಎಂದು ಕೊಂಬೆಯ ಮೇಲೆ ಒಣಹಾಕಿದ್ದ ಒಳಂಗಿ ತಂದು ಮೇಜಿನ ಮೇಲೆ ಹರವಿದರು. "ಮೊದಲ ದಿನ ಇಲ್ಲಿ ಬೆಳ್ಳಗಿತ್ತು. ಈಗ ಹಾಕ್ಕೊಂಡ್ರೂ ಒಂದು ಚುಕ್ಕಿ ಬಿಳಿ ಬರಲ್ಲ. ಪೂರ್ತಿ ನೀಲಿ!"

ಮಗ ಬಟ್ಟೆ ಕೈಗೆತ್ತಿಕೊಂಡ. "ಅಮ್ಮ, ಇದನ್ನ ಒಗೆದ್ಯಾ?"

"ದಿನಾ ಒಗೀತೀನಿ. ಕೊಳಕು ಹಾಕ್ಕೊಳ್ಳೋಕಾಗುತ್ತಾ?"

"ಒಗೆದ್ರೆ ಅದರ ಗುಣ ಹೋಗುತ್ತಮ್ಮ." ಅವನು ಕೂತುಬಿಟ್ಟ. "ಆ ರೋಲು ಫೇಲಾಗಿದ್ದೇ ಅದಕ್ಕೆ. ಉಜ್ಜಿ ಉಜ್ಜಿ ಒಗೆದ್ರೆ ಬಣ್ಣ ಹಾಗೇ ಉಳಿಯುತ್ತೆ, ಬದಲಾಗೋದು ನಿಂತುಹೋಗುತ್ತೆ. ಅದಕ್ಕೇ ತುಂಡು ಹೊರಗೆ ಹಾಕಿದ್ರು, ಅದಕ್ಕೇ ನಾನು ತಂದಿದ್ದು."

"ಸುಳ್ಳು."

ಸೊಸೆ ಹೊಲಿಗೆಯ ಕೋಣೆಯಿಂದ ಇಸ್ತ್ರಿಪೆಟ್ಟಿಗೆ ತಂದು ಪ್ಲಗ್ ಹಾಕಿದಳು. ನಾಲ್ಕು ಜನವೂ ಅದು ಕಾಯುವುದನ್ನೇ ನೋಡುತ್ತ ನಿಂತರು. ಅವಳು ಪಟ್ಟಿಯ ಮೇಲೆ ಒತ್ತಿ ಎತ್ತಿದಳು. ನೀಲಿ ನೀಲಿಯಾಗಿಯೇ ಇತ್ತು.

"ಇಸ್ತ್ರಿ ಕಾದಿಲ್ಲ," ಎಂದರು ಅತ್ತೆ. ಬೆರಳಿಗೆ ಎಂಜಲು ಹಚ್ಚಿ ಪೆಟ್ಟಿಗೆಯ ತಳಕ್ಕೆ ತಾಗಿಸಿದರು. ಚುಯ್ ಎಂದಿತು. ಅವರು ಬೆರಳನ್ನು ಬಾಯಿಗಿಟ್ಟುಕೊಂಡು ಅಲ್ಲಿಂದ ಹೊರಟುಹೋದರು.

ಆಮೇಲೆ ಉಳಿದ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು.

"ನೀನ್ಯಾಕೆ ಹಾಕ್ಕೊಳ್ಳಿ ಅಂದೆ?"

"ಫೇಲಾದ ಬಟ್ಟೇನ ನೀವ್ಯಾಕೆ ತಂದ್ರಿ? ಒಂದು ಮಾತು ಹೇಳಿದ್ರಾ?"

"ಅಪ್ಪ, ನಿನಗಾದ್ರೂ ಬುದ್ಧಿ ಬೇಡ್ವಾ? ಹತ್ತಿ ಅಂಟಿಸಿ ಕರ್ಕೊಂಡು ಬಂದ್ಯಲ್ಲ!"

"ಅವಳು ಬನ್ನು ತಿಂದಳು ಕಣೋ," ಎಂದರು ಮಾವ, ಅದೇ ದೊಡ್ಡ ಸಮಜಾಯಿಷಿ ಎಂಬಂತೆ. "ಎಷ್ಟು ದಿನದ ಮೇಲೆ ತಿಂದಳು." ಅವರು ಗಳಗಳ ಅತ್ತರು.

ಮರುದಿನವೇ ಆಸ್ಪತ್ರೆಗೆ ಕರೆದೊಯ್ದರು. ಮತ್ತೆ ಸ್ಕ್ಯಾನು, ಮತ್ತೆ ರಕ್ತ. ಡಾಕ್ಟರು ಸೊಸೆಯನ್ನೊಬ್ಬಳನ್ನೇ ಒಳಗೆ ಕರೆದು, ಲಿವರಿಗೂ ಬೆನ್ನುಮೂಳೆಗೂ ಹರಡಿದೆ, ಆಪರೇಷನ್ನಿನ ಮಾತು ಇನ್ನಿಲ್ಲ, ಇನ್ನು ಕೊಡುವುದೆಲ್ಲ ನೋವು ಕಡಿಮೆ ಮಾಡಿ ಒಂದಷ್ಟು ದಿನ ದೂಡಲು ಎಂದರು. ಇವರು ಮೊದಲೇ ಬಂದಿದ್ರೆ ಎಂದು ಶುರು ಮಾಡಿದವರು, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಸೊಸೆ ಗಂಡನಿಗೂ ಮಾವನಿಗೂ ಹೇಳಿದಳು. ಅತ್ತೆಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮನೆಯಲ್ಲಿ ಎಲ್ಲರೂ ದೊಡ್ಡ ಧ್ವನಿಯಲ್ಲಿ ಮಾತಾಡತೊಡಗಿದರು. "ಸರಿಹೋಗುತ್ತೆ ಕಣೇ," ಎಂದರು ಮಾವ. "ಹೊಸ ಔಷಧಿ ಅಮ್ಮ, ಇದು ಜೋರು," ಎಂದ ಮಗ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿ, ಗಂಜಿಯನ್ನು ಅರ್ಧಕ್ಕೇ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅತ್ತೆ ಹೊಲಿಗೆಯ ಕೋಣೆಯಿಂದ ಸೊಸೆಯನ್ನು ಕರೆದರು. ಹಳೆಯ ಚಿಂದಿಚೀಲವನ್ನು ಮಂಚದ ಮೇಲೆ ಸುರಿದುಕೊಂಡು ಕೂತಿದ್ದರು. ಒಳಂಗಿ ಕತ್ತರಿಸಿದಾಗ ಉಳಿದ ಅಂಗೈಯಗಲದ ತುಣುಕು ಅವರ ಕೈಯಲ್ಲಿತ್ತು, ನಡುವೆ ನೀಲಿ ಪಟ್ಟಿ.

"ಇದು ನೀರು ಕಾಣದ್ದು," ಎಂದರು. "ಬಾ, ಇಲ್ಲಿ ಕೂರು."

ಗುಂಡಿ ಬಿಚ್ಚಿ ತುಣುಕನ್ನು ಎದೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಕೈ ತೆಗೆದರು. ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಾಗಿತ್ತು. ನೀಲಿಯ ಒಂದೆಳೆಯೂ ಉಳಿದಿರಲಿಲ್ಲ.

ಸೊಸೆ ಎದ್ದು ಹೋಗಲು ನೋಡಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದರು. ಕೈ ಸುಡುತ್ತಿತ್ತು.

"ಅವರಿಬ್ಬರೂ ಸರಿಹೋಗುತ್ತೆ ಅಂತಾರೆ. ನೀನು ಹೇಳು. ಉಳೀತೀನಾ?"

ಸೊಸೆ ಕಿಟಕಿಯ ಕಡೆ ನೋಡಿದಳು, ಮೆಷಿನ್ನಿನ ಕಡೆ ನೋಡಿದಳು. ಅತ್ತೆ ಕೈ ಬಿಡಲಿಲ್ಲ.

"ಇಲ್ಲ ಅತ್ತೆ," ಎಂದಳು.

ಅತ್ತೆ ಅವಳ ಮಣಿಕಟ್ಟು ಬಿಟ್ಟರು. "ನನಗೂ ಹಾಗೇ ಅನ್ನಿಸಿತ್ತು."

"ಅವತ್ತು ನಾನು ಬೇಡ ಅನ್ನಬೇಕಿತ್ತು ಅತ್ತೆ. ಕೂತು ಬಿಡಿಸಿ ಹೇಳಬೇಕಿತ್ತು."

"ಹೇಳಿದ್ಯಲ್ಲ, ಬಾಯಿ ಸೋಲೋವರೆಗೂ ಹೇಳಿದ್ದೆ. ಒಂದು ಸಲ ಹೂಂ ಅಂದಿದ್ದು ಮಾತ್ರ ನನ್ನ ಕಿವಿಗೆ ಬಿತ್ತು." ಅವರು ಗುಂಡಿ ಹಾಕಿಕೊಂಡರು. ಒಂದು ಗುಂಡಿ ಬೆರಳಿಗೆ ಸಿಗದಿದ್ದಾಗ ಸೊಸೆ ಅಳುತ್ತಲೇ ಬಗ್ಗಿ ಅದನ್ನು ಹಾಕಿದಳು. "ನಾಳೆಯಿಂದ ಎಲೆ ನೀನೇ ಕೀಳಬೇಕು. ಬಿಸಿಲೇರುವ ಮುಂಚೆ. ಎಳೇದು ಬಿಡು."

ತುಣುಕನ್ನು ಅವರು ಮೆಷಿನ್ನಿನ ಹಲಗೆಯ ಮೇಲೆ ಇಟ್ಟರು. ಅದು ತಣ್ಣಗಾಗುತ್ತ ಅಂಚಿನಿಂದ ನಿಧಾನವಾಗಿ ನೀಲಿಗೆ ತಿರುಗಿತು. ಪೂರ್ತಿ ನೀಲಿಯಾಗುವವರೆಗೂ ಅತ್ತೆ ಸೊಸೆ ಇಬ್ಬರೂ ಅದನ್ನೇ ನೋಡುತ್ತ ಅಲ್ಲೇ ಕೂತಿದ್ದರು.